ಪಕ್ಕದ ಮನೆಯ ಕಪ್ಪು ಕಾರಿನ ಸನ್ನಿಧಾನಕ್ಕೆ

ಗೆ,
ಘನತೆವೆತ್ತ ಕಪ್ಪು ಕಾರು ಅವರು,
ಹೋಲ್ಡರ್ ಓಣಿ, ಏಳನೇ ಮನೆಯ ಮುಂದಿನ ರಸ್ತೆ (ಮೂತಿಯ ಭಾಗ ಒಂಬತ್ತನೇ ಮನೆಯ ಮುಂದೆ).

ವಿಷಯ: ತಮ್ಮ ಬಲಬದಿಯ ಹಿಂಬಾಗಿಲಿನ ಮೇಲಿನ ಗೀರು, ನನ್ನ ಪೊರಕೆಯ ಮಾನ ಹಾಗೂ ಬರುವ ಶನಿವಾರದ ಸೇಬುಗಳ ಕುರಿತು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ನಂಬುವುದೇನು, ಕಣ್ಣಾರೆ ನೋಡುತ್ತಲೇ ಇದ್ದೇನೆ: ದಿನಾ ಬೆಳಗ್ಗೆ ಏಳಕ್ಕೆ ಕಾಫಿಯ ಬಟ್ಟಲು ಹಿಡಿದುಕೊಂಡು, ಸಂಜೆ ಆರಕ್ಕೆ ಮೆತ್ತನೆಯ ಬಟ್ಟೆ ಹಿಡಿದುಕೊಂಡು ತಮ್ಮ ಯಜಮಾನರು ಹೊರಗೆ ಬಂದು, ತಮಗೆ ಒಂದು ಸುತ್ತು ಪ್ರದಕ್ಷಿಣೆ ಹಾಕಿ, ಎಲ್ಲಾದರೂ ಹಕ್ಕಿಯ ಪ್ರಸಾದ ಬಿದ್ದಿದೆಯೋ ಎಂದು ಬಗ್ಗಿ ನೋಡಿ, ಇಲ್ಲವೆಂದು ಖಾತ್ರಿಯಾದ ಮೇಲೂ ಒಮ್ಮೆ ಒರೆಸಿ ಒಳಗೆ ಹೋಗುತ್ತಾರೆ. ಇಂಥ ಭಾಗ್ಯ ಈ ಓಣಿಯಲ್ಲಿ ಯಾವ ಹೆಂಡತಿಗೂ ಯಾವ ಹಸುಗೂಸಿಗೂ ಸಿಕ್ಕಿದ್ದನ್ನು ನಾನು ಕಂಡಿಲ್ಲವಾದ್ದರಿಂದ, ಮೊದಲಿಗೆ ತಮಗೆ ನನ್ನ ಹೃತ್ಪೂರ್ವಕ ಅಭಿನಂದನೆಗಳು.

ನಾನು ಒಂಬತ್ತನೇ ಮನೆಯ (ನಮ್ಮ ಬದಿಗೆ ಬೆಸ ಸಂಖ್ಯೆಗಳೇ, ಏಳರ ಪಕ್ಕ ಒಂಬತ್ತು) ವಾಲ್ಟ್ರೌಟ್ ಐಸೆಲೆ, ಹತ್ತಿರದವರಿಗೆ ಟ್ರೌಡೆ. ವಯಸ್ಸು ಎಪ್ಪತ್ತು. ಮೂವತ್ತಾರು ವರ್ಷ ಈ ಊರಿನ ಪುರಸಭೆಯಲ್ಲಿ ಜನನ ಮರಣ ಬರೆದುಕೊಳ್ಳುವ ಮೇಜಿನ ಹಿಂದೆ ಕೂತಿದ್ದವಳು, ಹಾಗಾಗಿ ಕಾಗದ ಕೈಗೆತ್ತಿಕೊಂಡರೆ 'ವಿಷಯ' ಎನ್ನುವುದು ತಾನಾಗಿ ಬಂದುಬಿಡುತ್ತದೆ. ಆದರೆ ಒಂದು ಕಾರಿಗೆ ಪತ್ರ ಬರೆಯುವ ಹಂತಕ್ಕೆ ನಾನೇಕೆ ಬಂದೆನೆಂದು ತಾವು ಕೇಳಬಹುದು. ಕೇಳಬೇಕು.

ಕಳೆದ ಮಂಗಳವಾರ ನನ್ನ ಬಾಗಿಲಿನ ಸಂದಿಯಿಂದ ಒಂದು ಲಕೋಟೆ ಒಳಗೆ ಬಂತು. ಕಳಿಸಿದವರು ತಮ್ಮ ಯಜಮಾನರಾದ ಓಟ್ಮಾರ್ ಹೆಫೆಲೆ, ಅಂದರೆ ನಮ್ಮಿಬ್ಬರ ಮನೆಗಿರುವ ಒಂದೇ ಗೋಡೆಯ ಆಚೆ ಮೂವತ್ತೊಂದು ವರ್ಷದಿಂದ ಕೆಮ್ಮುತ್ತಿರುವ ಮನುಷ್ಯ. ಒಳಗೆ ಹೀಗಿತ್ತು: "ಮಾನ್ಯ ಶ್ರೀಮತಿ ಐಸೆಲೆ ಅವರೇ, ತಮ್ಮ ಗುಡಿಸುವ ವಾರದಲ್ಲಿ ತಮ್ಮ ಪೊರಕೆಯ ಹಿಡಿಯಿಂದ ನನ್ನ ವಾಹನಕ್ಕೆ ಮೂವತ್ತನಾಲ್ಕು ಸೆಂಟಿಮೀಟರ್ ಉದ್ದದ ಗೀರು ಉಂಟಾಗಿದ್ದು, ಸದರಿ ಹಾನಿಯನ್ನು ತಮ್ಮ ವಿಮಾ ಸಂಸ್ಥೆಗೆ ತಿಳಿಸಬೇಕಾಗಿ ಕೋರುತ್ತೇನೆ." ತಾವಂತೆ! ಶಾಲೆಯಲ್ಲಿ ನನ್ನ ಬೆಂಚಿನಲ್ಲೇ ಕೂತು ನನ್ನ ಲೆಕ್ಕವನ್ನೇ ನಕಲು ಮಾಡಿದವನು, ನನ್ನ ಮದುವೆಯಲ್ಲಿ ಕುಡಿದು ನನ್ನ ಅತ್ತೆಯ ಟೋಪಿಯ ಮೇಲೆ ಕೂತವನು, ಈ ವಸಂತದವರೆಗೂ ಗೋಡೆ ಕುಟ್ಟಿ "ಟ್ರೌಡೆ, ಉಪ್ಪಿದೆಯೇನೇ? ಇದ್ರೆ ಮೊಟ್ಟೇನೂ ತಗೊಂಬಾ" ಎಂದು ಕೂಗುತ್ತಿದ್ದವನು, ಆ ಓಟ್ಮಾರ್ ನನಗೆ ತಾವು ಎಂದು ಬರೆದ. ಅವನು ತಾವು ಎಂದ ಮೇಲೆ ನಾನು ಅವನಿಗೆ ಉತ್ತರ ಬರೆಯುವುದಿಲ್ಲ. ಆ ಮನೆಯಲ್ಲಿ ಈಗ ಯಾರ ಮಾತು ನಡೆಯುತ್ತದೋ ಅವರಿಗೇ ಅರ್ಜಿ ಹಾಕಿಕೊಳ್ಳುವುದು ಮೇಲೆಂದು ತೀರ್ಮಾನಿಸಿದ್ದೇನೆ.

ಗೀರಿನ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ, ಅದು ನನ್ನ ಪೊರಕೆಯದಲ್ಲ. ನಮ್ಮ ಸಾಲಿನ ನಾಲ್ಕು ಮನೆಗಳಿಗೆ ಸರದಿಯಂತೆ ಗುಡಿಸುವ ವಾರ ಬರುತ್ತದೆ, ಯಾರ ಸರದಿಯೋ ಅವರ ಬಾಗಿಲಿಗೆ ಮರದ ಫಲಕ ತೂಗುತ್ತದೆ, ಫಲಕ ಬಂದವರು ಸೋಮವಾರ ಬೆಳಗ್ಗೆಯೇ ಕಾಲುದಾರಿ ಗುಡಿಸಬೇಕು. ಹಿಂದಿನ ಸೋಮವಾರ ಫಲಕ ನನ್ನದಾಗಿತ್ತು, ಗುಡಿಸಿದ್ದೂ ನಿಜ. ಆದರೆ ನನ್ನ ಪೊರಕೆ ತಮ್ಮಿಂದ ಒಂದು ಮಾರು ದೂರದಲ್ಲಿರುವಾಗಲೇ ತಾವು ನಾಲ್ಕೂ ದೀಪ ಮಿಟುಕಿಸಿ ಮೂರು ಸಲ ಕೂಗಿಕೊಂಡಿರಿ, ಓಣಿಯ ಕಿಟಕಿಗಳೆಲ್ಲ ತೆರೆದವು, ನಾನು ಹಾಡುಹಗಲೇ ಕಳ್ಳತನಕ್ಕೆ ಬಂದವಳ ಹಾಗೆ ಪೊರಕೆ ಎತ್ತಿ ಹಿಡಿದು ನಿಂತೆ. ಅಷ್ಟು ಸೂಕ್ಷ್ಮ ಪ್ರಕೃತಿಯ ತಮಗೆ ನಾನು ಮೂವತ್ತನಾಲ್ಕು ಸೆಂಟಿಮೀಟರ್ ಗೀರುವವರೆಗೂ ತಾವು ಸುಮ್ಮನಿದ್ದಿರೆಂದರೆ ಯಾವ ವಿಮೆಯವರೂ ನಂಬುವುದಿಲ್ಲ.

ತಾವು ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಮೇ ತಿಂಗಳ ಒಂದು ಗುರುವಾರ. ಅದಕ್ಕೆ ಮೊದಲು ಓಟ್ಮಾರ್‌ಗೆ ಇದ್ದದ್ದು ಇಪ್ಪತ್ತೆರಡು ವರ್ಷದ ಒಂದು ನೀಲಿ ಗಾಡಿ, ಹಿಂದೆ ಟ್ರೇಲರ್ ಎಳೆಯುವ ಕೊಕ್ಕೆ, ಒಳಗೆ ಹಗ್ಗ, ಗುದ್ದಲಿ, ಮಣ್ಣು, ಹೋದ ವರ್ಷದ ಒಂದೆರಡು ಸೇಬು. ತಾವು ಬಂದಿರಿ, ಕಪ್ಪಗೆ, ಸದ್ದಿಲ್ಲದೆ, ಶವಯಾತ್ರೆಯಲ್ಲಿ ಎಲ್ಲರಿಗಿಂತ ಮುಂದೆ ಹೋಗುವ ಗಾಡಿಯ ಗಾಂಭೀರ್ಯದಿಂದ. ಓಟ್ಮಾರ್ ಗ್ಯಾರೇಜಿನ ಬಾಗಿಲು ತೆಗೆದು, ತಮ್ಮನ್ನು ನೋಡಿ, ಬಾಗಿಲನ್ನು ನೋಡಿ, ಅಳತೆ ಟೇಪು ತಂದ. ತಾವು ಹನ್ನೊಂದು ಸೆಂಟಿಮೀಟರ್ ಹೆಚ್ಚು. ಕೊಳ್ಳುವ ಮೊದಲು ಹುಡುಗಿಯನ್ನು ನೋಡುವವರ ಹಾಗೆ ಆರು ಸಲ ಹೋಗಿ ನೋಡಿ ಬಂದವನು ಅಗಲ ಅಳೆಯುವುದನ್ನು ಮಾತ್ರ ಮರೆತಿದ್ದ. ಅಂದಿನಿಂದ ಗ್ಯಾರೇಜಿನೊಳಗೆ ತುಕ್ಕು ಹಿಡಿದ ಟ್ರೇಲರ್ ಬೆಚ್ಚಗೆ ಮಲಗಿದೆ, ತಾವು ಬೀದಿಯಲ್ಲಿ ನಿಂತಿದ್ದೀರಿ. ಇಷ್ಟು ದೊಡ್ಡವರು ಇಷ್ಟು ಸರಳವಾಗಿ ಬದುಕುವುದನ್ನು ನೋಡಿ ನಮ್ಮೆಲ್ಲರ ಕಣ್ಣು ತುಂಬಿ ಬಂದಿದೆ.

ತಮ್ಮ ಹಿಂಭಾಗದಲ್ಲಿ ಇಂಜಿನ್ನಿನ ಅಂಕಿ ಇಲ್ಲದಿರುವುದನ್ನು ಮೊದಲು ಗಮನಿಸಿದವಳು ಬೇಕರಿಯ ರೋಸ್ವಿಟಾ. ನಮ್ಮ ಸೀಮೆಯ ಪದ್ಧತಿ ತಮಗೆ ಗೊತ್ತಿರುವುದೇ: ದುಡ್ಡಿದ್ದರೆ ತೋರಿಸಬಾರದು, ಆದರೆ ಇದೆಯೆಂದು ಊರಿಗೆಲ್ಲ ಗೊತ್ತಾಗಬೇಕು. ಹಾಗಾಗಿ ಕಾರು ಕೊಳ್ಳುವಾಗಲೇ ಇಂಜಿನ್ ಎಷ್ಟು ದೊಡ್ಡದೆಂದು ಹೇಳುವ ಅಂಕಿಯನ್ನು ಅಂಟಿಸಬೇಡಿರೆಂದು ಬರೆದುಕೊಡುವುದು ಇಲ್ಲಿಯ ಮರ್ಯಾದಸ್ಥರ ಲಕ್ಷಣ. ದೊಡ್ಡದನ್ನು ಕೊಂಡವನು ವಿನಯಕ್ಕಾಗಿ ತೆಗೆಸುತ್ತಾನೆ, ಚಿಕ್ಕದನ್ನು ಕೊಂಡವನು ದೊಡ್ಡದನ್ನು ಕೊಂಡ ವಿನಯವಂತನೆಂದು ಜನ ತಿಳಿಯಲೆಂದು ತೆಗೆಸುತ್ತಾನೆ. ರೋಸ್ವಿಟಾ ಬ್ರೆಡ್ಡು ಕಟ್ಟಿಕೊಡುತ್ತ ಹೇಳಿದಳು: "ಅಂಕಿ ಇಲ್ಲ ಅಂದ್ರೆ ಒಂದೋ ಭಾರೀ ದೊಡ್ಡದು, ಇಲ್ಲಾ ನಾಚ್ಕೊಳ್ಳೋಷ್ಟು ಚಿಕ್ಕದು ಕಣೇ ಟ್ರೌಡೆ. ಓಟ್ಮಾರ್ ಮುಖ ನೋಡಿದ್ರೆ ಎರಡೂ ಇರಬಹುದು ಅನ್ಸುತ್ತೆ." ಮೂರು ವಾರ ಅಂಗಡಿಯಲ್ಲಿ ಬೇರೆ ಮಾತೇ ಇರಲಿಲ್ಲ. ಅಂಕಿ ಇದ್ದಿದ್ದರೆ ಒಂದೇ ದಿನದಲ್ಲಿ ಓದಿ ಮರೆತುಬಿಡುತ್ತಿದ್ದೆವು. ನಾನೂ ಈ ಪದ್ಧತಿಯಿಂದ ಪ್ರೇರಿತಳಾಗಿ ನನ್ನ ತರಕಾರಿ ಕೈಗಾಡಿಯ ಹಿಂದಿನ ಚೀಟಿಯನ್ನು ಕಿತ್ತು ಹಾಕಿದ್ದೇನೆ. ಈಗ ಅದು ಎಷ್ಟು ಕಿಲೋ ಹೊರುತ್ತದೆಂದು ಯಾರಿಗೂ ತಿಳಿಯದು, ಸಂತೆಯಲ್ಲಿ ಜನ ದಾರಿ ಬಿಡುತ್ತಾರೆ.

ತಮ್ಮ ಸಹವಾಸದಿಂದ ಯಜಮಾನರ ನಡೆನುಡಿಯಲ್ಲಾದ ಸುಧಾರಣೆಯನ್ನೂ ಇಲ್ಲಿ ಕೃತಜ್ಞತೆಯಿಂದ ದಾಖಲಿಸಬೇಕು. ನೀಲಿ ಗಾಡಿಯ ಕಾಲದಲ್ಲಿ ಓಟ್ಮಾರ್ ದಾರಿಯಲ್ಲಿ ನನ್ನನ್ನು ಕಂಡರೆ ಕಿಟಕಿಯಿಂದ ಇಡೀ ತೋಳು ಹೊರಗೆ ಹಾಕಿ ಬೀಸುತ್ತಿದ್ದ, ಕೆಲವೊಮ್ಮೆ ಗಾಡಿ ಚರಂಡಿಯ ಕಡೆಗೆ ಹೋಗುತ್ತಿತ್ತು. ಈಗ ಸ್ಟಿಯರಿಂಗಿನ ಮೇಲಿಂದ ಒಂದು ಬೆರಳು ಮೇಲೇಳುತ್ತದೆ. ತಮಗಿಂತ ಒಂದು ಗೇಣು ಉದ್ದದ ಕಾರಿರುವ ದಂತವೈದ್ಯ ಡಾಕ್ಟರ್ ಮೋಸ್‌ಮಾನ್ ಬೆರಳನ್ನೂ ಎತ್ತುವುದಿಲ್ಲ, ಹುಬ್ಬು ಮಾತ್ರ. ಈ ಲೆಕ್ಕದಲ್ಲಿ ಇನ್ನೂ ದೊಡ್ಡ ಕಾರೊಂದು ಓಣಿಗೆ ಬಂದರೆ, ಅದರೊಳಗಿನವರು ಉಸಿರಾಡಿದ್ದನ್ನೇ ನಮಸ್ಕಾರವೆಂದು ನಾವು ಸ್ವೀಕರಿಸಬೇಕಾದೀತು. ಸೂಪರ್ ಮಾರ್ಕೆಟ್ಟಿನಲ್ಲಿ ತಾವು ಎರಡು ಜಾಗದ ನಡುವಿನ ಬಿಳಿ ಗೆರೆಯ ಮೇಲೆ ನಿಲ್ಲುತ್ತೀರಿ. ಹೋಟೆಲಿನಲ್ಲಿ ತಮ್ಮ ಬೀಗದ ಕೈ ಬಿಯರಿನ ಪಕ್ಕದಲ್ಲಿ ಮೇಜಿನ ಮೇಲೆಯೇ ಕೂರುತ್ತದೆ, ಊಟ ಬಂದಾಗ ತಟ್ಟೆಗಳು ಅದನ್ನು ಸುತ್ತಿ ಹೋಗುತ್ತವೆ. ನೀಲಿ ಗಾಡಿಯ ಬೀಗದ ಕೈಯನ್ನು ಓಟ್ಮಾರ್ ದಿನಕ್ಕೆರಡು ಸಲ ಕಳೆದುಕೊಳ್ಳುತ್ತಿದ್ದ, ನಾವಿಬ್ಬರೂ ಸೇರಿ ಹುಡುಕುತ್ತಿದ್ದೆವು.

ತಮ್ಮೊಳಗೆ ಕೂರುವ ಸೌಭಾಗ್ಯ ನನಗೆ ಎರಡು ಸಲ ಒದಗಿದೆ. ಮೊದಲನೆಯದು ಜೂನ್ ತಿಂಗಳಲ್ಲಿ, ಸಂತೆಯಿಂದ ಮನೆಗೆ. ನಾನು ಟವೆಲ್ಲಿನ ಮೇಲೆ ಕೂತೆ, ಬೂಟಿನ ಕೆಳಗೆ ಪತ್ರಿಕೆ ಹಾಸಲಾಯಿತು, ಅರ್ಧ ತಿಂದ ಬ್ರೆಜೆಲನ್ನು, ಅಂದರೆ ಉಪ್ಪು ಉದುರಿಸಿದ ಗಂಟು ಬ್ರೆಡ್ಡನ್ನು, ಓಟ್ಮಾರ್ ನನ್ನ ಕೈಯಿಂದ ತೆಗೆದು ಕಾಗದದಲ್ಲಿ ಸುತ್ತಿ, "ಮನೇಲಿ ತಿನ್ನೇ, ಉಪ್ಪು ಉದುರುತ್ತೆ" ಎಂದು ತನ್ನ ಜೇಬಿನಲ್ಲಿ ಇಟ್ಟುಕೊಂಡ. ಹಿಂದಿನ ಸೀಟಿನಲ್ಲಿಟ್ಟ ನನ್ನ ಹತ್ತು ಕಿಲೋ ಆಲೂಗಡ್ಡೆಯನ್ನು ತಾವು ಪ್ರಯಾಣಿಕರೆಂದು ಭಾವಿಸಿ ಬೆಲ್ಟು ಹಾಕಿಲ್ಲವೆಂದು ಟಿಣಿಟಿಣಿ ಶುರು ಮಾಡಿದಿರಿ, ಓಟ್ಮಾರ್ ರಸ್ತೆ ಬದಿಯಲ್ಲಿ ನಿಲ್ಲಿಸಿ, ಇಳಿದು, ಆಲೂಗಡ್ಡೆಗೆ ಭಕ್ತಿಯಿಂದ ಬೆಲ್ಟು ಬಿಗಿದು ಬಂದ. ಗೋಣಿಗೆ ಟವೆಲ್ ಹಾಸಿರಲಿಲ್ಲ ಎಂಬುದನ್ನು ನಾನು ಗಮನಿಸಿದೆ. ಅಂದರೆ ಅದರ ಸ್ಥಾನ ನನಗಿಂತ ಮೇಲೆ.

ಎರಡನೆಯದು ಸೆಪ್ಟೆಂಬರ್ ತಿಂಗಳ ಆ ಭಾನುವಾರ, ನಮ್ಮ ಎಪ್ಪತ್ತರವರ ಕೂಟದ ದಿನ. ಒಂದೇ ವರ್ಷ ಈ ಊರಿನಲ್ಲಿ ಹುಟ್ಟಿದವರೆಲ್ಲ ಎಪ್ಪತ್ತು ತುಂಬಿದ ವರ್ಷ ಚರ್ಚಿನಲ್ಲಿ ಒಟ್ಟಿಗೆ ಕೂತು, ತೀರಿಹೋದವರ ಹೆಸರು ಓದಿ, ಆಮೇಲೆ 'ಕರಡಿ' ಎಂಬ ಹೆಸರಿನ ಹೋಟೆಲಿನಲ್ಲಿ ಹುರಿದ ಮಾಂಸ, ಈರುಳ್ಳಿ ತಿನ್ನುವ ದಿನ. ತಿನ್ನುವುದಕ್ಕೆ ಮೊದಲು ಕಾರು ನಿಲ್ಲಿಸುವ ಜಾಗದಲ್ಲಿ ಅರ್ಧ ಗಂಟೆ ನಿಲ್ಲುವುದೂ ಪದ್ಧತಿಯೇ. ತಮ್ಮನ್ನು ಎಲ್ಲರೂ ಸುತ್ತುವರಿದರು. ರೋಸ್ವಿಟಾ ಕೇಳಿಯೇಬಿಟ್ಟಳು, "ಲೋ ಓಟ್ಮಾರ್, ಎಷ್ಟರದ್ದೋ ಇದು?" ಓಟ್ಮಾರ್ ಹೊಟ್ಟೆ ಒಳಗೆಳೆದುಕೊಂಡು, "ಏನಿಲ್ಲ ಬಿಡೇ, ಸುಮ್ನೆ ಓಡಾಡೋಕೆ ಒಂದು ಗಾಡಿ" ಎಂದ. ಆದರೆ ಅವನ ಕಣ್ಣು ಗೇಟಿನ ಕಡೆಗಿತ್ತು. ಯಾರಿಗಾಗಿ ಎಂದು ನನಗೆ ಗೊತ್ತಿತ್ತು.

ಕ್ಲೆಮೆನ್ಸ್ ಶ್ವೆಗ್ಲರ್‌ಗಾಗಿ. ಅವನೂ ನಮ್ಮ ತರಗತಿಯವನೇ, ಬಾಗಿಲಿನ ಕೀಲು ಮಾಡುವ ಕಾರ್ಖಾನೆಯವರ ಮಗ. ಅಪ್ಪನ ಕೈಕೆಳಗೆ, ಆಮೇಲೆ ಮಗನ ಕೈಕೆಳಗೆ, ಒಟ್ಟು ನಲವತ್ತೊಂದು ವರ್ಷ ಓಟ್ಮಾರ್ ಅಲ್ಲಿ ಕೆಲಸ ಮಾಡಿದ್ದ. ತಮ್ಮಂಥವರ ಬಾಗಿಲುಗಳು ಮುಚ್ಚುವಾಗ ಬರುವ ಆ ದಪ್ಪನೆಯ, ಸಾಹುಕಾರಿ ಸದ್ದು ಇದೆಯಲ್ಲ, ಅದು ಹಾಗೆಯೇ ಬರಬೇಕೆಂದು ಕೀಲನ್ನು ಕೈಯಿಂದ ತಿದ್ದಿದವನು ಅವನು. ಬೇರೆಯವರ ಬಾಗಿಲಿಗೆ ನಲವತ್ತೊಂದು ವರ್ಷ ಸದ್ದು ಕೂರಿಸಿದವನಿಗೆ ಒಂದು ಸಲ ತನ್ನ ಬಾಗಿಲನ್ನು ತಾನೇ ಹಾಗೆ ಮುಚ್ಚುವುದನ್ನು ಕ್ಲೆಮೆನ್ಸ್ ನೋಡಬೇಕೆಂಬ ಆಸೆ ಇದ್ದರೆ ಅದು ತಪ್ಪೆಂದು ನಾನು ಹೇಳಲಾರೆ. ತಮ್ಮನ್ನು ಕೊಂಡದ್ದೂ ಅದಕ್ಕೇ ಎಂದು ನನ್ನ ಅಂದಾಜು. ಆ ಒಂದು ಸದ್ದು, ಆಮೇಲೆ "ಭೇಷ್ ಕಣೋ ಓಟ್ಮಾರ್" ಎಂಬ ಒಂದು ಮಾತು.

ಕ್ಲೆಮೆನ್ಸ್ ಬಂದ. ಸೈಕಲ್ಲಿನಲ್ಲಿ. ಹಳೆಯ ಸೈಕಲ್ಲು, ಪ್ಯಾಂಟಿಗೆ ಕ್ಲಿಪ್ಪು, ತಲೆಗೆ ಉಣ್ಣೆ ಟೋಪಿ. ಊರಿನಲ್ಲಿ ಯಾರ ಕಾರು ಎಷ್ಟು ದೊಡ್ಡದೆಂದು ಎಲ್ಲರೂ ಅಳೆಯುತ್ತಿರುವಾಗ, ಅಳತೆಯ ಪಟ್ಟಿಯಲ್ಲೇ ಇಲ್ಲದವನ ಹಾಗೆ ಬಂದು ಗೋಡೆಗೆ ಸೈಕಲ್ ಒರಗಿಸಿದ. ಮುಂದೆ ನಡೆದದ್ದನ್ನು ತಾವೂ ಕೇಳಿಸಿಕೊಂಡಿದ್ದೀರಿ. "ಓಹೋ, ನಿಂದಾ? ಬಾಗಿಲು ತೆಗಿ, ಕೀಲು ನೋಡೋಣ" ಎಂದ. ಓಟ್ಮಾರ್ ತೆಗೆದ. ಕ್ಲೆಮೆನ್ಸ್ ಬಗ್ಗಿ ನೋಡಿ, "ಇದು ನೀನು ಮಾಡಿದ್ದಲ್ಲ ಬಿಡು. ನಿನ್ನ ಕಾಲದ್ದೆಲ್ಲ ನಿಲ್ಲಿಸಿಬಿಟ್ವಿ, ಈಗ ಹೊರದೇಶದಲ್ಲಿ ಮಾಡಿಸ್ತೀವಿ" ಎಂದು ಹೇಳಿ, ಮುಂದಿನ ಉಸಿರಿನಲ್ಲೇ, "ಯಾರತ್ರಾದ್ರೂ ಪಂಪ್ ಇದೆಯೇನ್ರೋ? ಹಿಂದಿನ ಚಕ್ರ ಯಾಕೋ ಮೆತ್ತಗಾಗಿದೆ" ಎಂದು ಕೇಳಿದ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅದೇ ನನಗೆ ಹೆಚ್ಚು ಸಿಟ್ಟು ತರಿಸಿದ್ದು.

ಓಟ್ಮಾರ್ ಬಾಗಿಲು ಮುಚ್ಚಿದ. ಸದ್ದು ಚೆನ್ನಾಗಿಯೇ ಬಂತು, ಎಲ್ಲರೂ ಪಂಪಿನ ಹಿಂದೆ ಬಿದ್ದಿದ್ದರಿಂದ ಕೇಳುವವರು ಯಾರೂ ಇರಲಿಲ್ಲ. ಊಟದಲ್ಲಿ ಅವನು ಮಾಂಸವನ್ನು ಅರ್ಧ ಬಿಟ್ಟ. ನಾಲ್ಕು ಗಂಟೆಗೆ ನನ್ನನ್ನು ಮನೆಯ ಮುಂದೆ ಇಳಿಸಿ, ತಾನು ಇಳಿಯದೆ ಹಾಗೆಯೇ ಕೂತ. ಕಿಟಕಿಯಿಂದ ನೋಡಿದೆ: ತಮ್ಮೊಳಗಿನ ದೀಪಗಳು ಒಂದೊಂದಾಗಿ ಆರಿದವು, ಅವನು ಎರಡೂ ಕೈಯನ್ನು ಸ್ಟಿಯರಿಂಗಿನ ಮೇಲಿಟ್ಟುಕೊಂಡು ಎಲ್ಲಿಗೂ ಹೋಗದೆ ಕೂತಿದ್ದ. ಸೂಪು ಬಿಸಿ ಮಾಡಿ ಗೋಡೆ ಕುಟ್ಟೋಣವೆಂದುಕೊಂಡೆ, ಆದರೆ ಅವನು ಗೋಡೆಯ ಆಚೆ ಇರಲಿಲ್ಲ, ತಮ್ಮೊಳಗಿದ್ದ. ಐದೂವರೆಗೆ ತಮ್ಮನ್ನು ತೆಗೆದುಕೊಂಡು ಎಲ್ಲಿಗೋ ಹೊರಟುಹೋದ. ಮಳೆಯ ಹನಿ ಬಿದ್ದಿತ್ತು, ತೊಳೆಸಲು ಹೋಗಿರಬೇಕೆಂದುಕೊಂಡೆ. ಕತ್ತಲಾದ ಮೇಲೆ ಬಂದ. ಮರುದಿನ ನನ್ನ ವಾರ ಶುರುವಾಯಿತು, ಕಾಫಿ ಹಿಡಿದು ಬಂದವನು ಗೀರನ್ನು ನೋಡಿದ, ಪಕ್ಕದಲ್ಲಿ ಪೊರಕೆ ಹಿಡಿದ ನನ್ನನ್ನು ನೋಡಿದ, ಒಳಗೆ ಹೋದ. ಮಾರನೆಯ ದಿನ ಲಕೋಟೆ.

ಈಗ ಶನಿವಾರದ ವಿಷಯಕ್ಕೆ ಬರುತ್ತೇನೆ, ಇದೇ ನನ್ನ ಅರ್ಜಿಯ ಮುಖ್ಯ ಭಾಗ. ಗುಡ್ಡದ ಬುಡದಲ್ಲಿ ನಮ್ಮೆರಡು ಮನೆಗೆ ಸೇರಿ ಹದಿನಾರು ಸೇಬಿನ ಮರಗಳ ಒಂದು ತೋಪಿದೆ. ನನ್ನ ಗಂಡ ಕರ್ಟ್ ಮತ್ತು ಓಟ್ಮಾರನ ಹೆಂಡತಿ ಗೆರ್ಡಾ ಗುಂಡಿ ತೋಡಿ ನೆಟ್ಟದ್ದು, ನಾವಿಬ್ಬರೂ ಬೆಂಚಿನ ಮೇಲೆ ಕೂತು ಸಲಹೆ ಕೊಟ್ಟದ್ದು. ಅವರಿಬ್ಬರೂ ಒಂದೇ ಚಳಿಗಾಲದಲ್ಲಿ ಹೋದರು, ಎರಡನ್ನೂ ದಾಖಲೆ ಪುಸ್ತಕದಲ್ಲಿ ಬರೆದವಳು ನಾನೇ. ಆಮೇಲಿನ ಹನ್ನೊಂದು ಶರತ್ಕಾಲಗಳಲ್ಲಿ ಓಟ್ಮಾರ್ ಮರ ಅಲ್ಲಾಡಿಸಿದ, ನಾನು ಆರಿಸಿದೆ, ನೀಲಿ ಗಾಡಿಯ ಹಿಂದೆ ಟ್ರೇಲರ್ ಕಟ್ಟಿ ಗಾಣದ ಮನೆಗೆ ಹೋದೆವು, ರಸ ಹಿಂಡಿಸಿ ನೆಲಮಾಳಿಗೆಯ ಪೀಪಾಯಿಗೆ ತುಂಬಿದೆವು, ಅದು ಹುಳಿತು ಮೋಸ್ಟ್ ಎಂಬ ನಮ್ಮ ಸೇಬಿನ ಮದ್ಯವಾದ ಮೇಲೆ ವರ್ಷವಿಡೀ ಸಂಜೆಗೊಂದು ಲೋಟ ಕುಡಿದು ಒಬ್ಬರನ್ನೊಬ್ಬರು ಬೈದುಕೊಂಡೆವು. ಗಾಣದ ಮನೆಯಲ್ಲಿ ಈ ವರ್ಷದ ನಮ್ಮ ಸರದಿ ಬರುವ ಶನಿವಾರ ಸಂಜೆ ನಾಲ್ಕಕ್ಕೆ. ತಪ್ಪಿದರೆ ಬೇರೆ ಸರದಿ ಇಲ್ಲ, ಹಣ್ಣು ಹುಲ್ಲಿನಲ್ಲಿ ಕೊಳೆಯುತ್ತದೆ.

ತಮಗೆ ಕೊಕ್ಕೆ ಇಲ್ಲ. ಮಾರಿದ ಅಂಗಡಿಯಲ್ಲಿ ಕೊಕ್ಕೆಯ ಮಾತೆತ್ತಿದ್ದಕ್ಕೆ ಅಲ್ಲಿಯ ಯುವಕರು, "ಸಾರ್, ಈ ಗಾಡಿಗೆ ಕೊಕ್ಕೆ ಬೇಕು ಅಂತ ಇದುವರೆಗೂ ಯಾರೂ ಕೇಳಿಲ್ಲ" ಎಂದರಂತೆ, ಓಟ್ಮಾರ್ ತಾನೂ ಕೇಳಿಲ್ಲವೆಂಬ ಮುಖ ಮಾಡಿಕೊಂಡು ಬಂದನಂತೆ. ತೋಪಿನ ದಾರಿಯ ಜಲ್ಲಿ ತಮ್ಮ ಬಣ್ಣಕ್ಕೆ ಹಾರುತ್ತದೆಂದು ಮೇ ತಿಂಗಳಿಂದ ಅವನು ಅಲ್ಲಿಗೆ ಕಾಲಿಟ್ಟಿಲ್ಲ. ಹುಲ್ಲನ್ನು ಎರಡು ಸಲವೂ ನಾನೊಬ್ಬಳೇ ಕೊಯ್ದೆ. ಆಗಸ್ಟಿನಲ್ಲಿ ಕೇಳಿದ್ದಕ್ಕೆ, "ಯಾರಾದ್ರೂ ಟ್ರ್ಯಾಕ್ಟರ್‌ನವರಿಗೆ ಹೇಳಿದ್ರಾಯ್ತು ಬಿಡೇ" ಎಂದ. ಟ್ರ್ಯಾಕ್ಟರ್‌ನವರು ಸೇಬು ಸಾಗಿಸಬಲ್ಲರು, ಒಪ್ಪುತ್ತೇನೆ. ಆದರೆ ಟ್ರ್ಯಾಕ್ಟರ್‌ನವರು ಮರ ಅಲ್ಲಾಡಿಸುವಾಗ ಬೇಕೆಂದೇ ನನ್ನ ತಲೆಯ ಮೇಲೆ ಬೀಳಿಸಿ, "ಅಯ್ಯೋ, ನೀನು ಅಲ್ಲಿದ್ಯಾ?" ಎಂದು ಕೇಳುವುದಿಲ್ಲ. ಮಾನ್ಯರೇ, ಸುತ್ತಿಬಳಸಿ ಬರೆಯುವುದು ನನ್ನ ವೃತ್ತಿಯ ರೋಗ, ಇಲ್ಲಿ ನೇರವಾಗಿಯೇ ಬರೆಯುತ್ತೇನೆ: ನನಗೆ ಅವನು ಬೇಕು. ಎಪ್ಪತ್ತನೇ ವಯಸ್ಸಿನಲ್ಲಿ ಗೋಡೆಯ ಆಚೆಯಿಂದ ಬೈಯುವ ಒಬ್ಬ ಮನುಷ್ಯ ಇರುವುದು ಸಣ್ಣ ಮಾತಲ್ಲ, ತಮ್ಮಲ್ಲಿರುವ ಬಿಸಿ ಸೀಟಿಗಿಂತ ಅದು ಹೆಚ್ಚು ಬೆಚ್ಚಗಿರುತ್ತದೆ.

ಆದಕಾರಣ ತಮ್ಮಲ್ಲಿ ನನ್ನ ವಿನಮ್ರ ಪ್ರಾರ್ಥನೆ. ಶುಕ್ರವಾರದೊಳಗೆ ತಾವು ದಯವಿಟ್ಟು ಹನ್ನೊಂದು ಸೆಂಟಿಮೀಟರ್ ಸೊರಗಿ ಗ್ಯಾರೇಜಿನೊಳಗೆ ಹೋಗತಕ್ಕದ್ದು, ಟ್ರೇಲರನ್ನು ಹೊರಗೆ ಕಳಿಸತಕ್ಕದ್ದು. ಸೊರಗುವುದು ತಮ್ಮ ಅಂತಸ್ತಿಗೆ ಒಪ್ಪದಿದ್ದರೆ ಹಿಂಭಾಗದಲ್ಲಿ ಒಂದು ಕೊಕ್ಕೆಯನ್ನಾದರೂ ಬೆಳೆಸಿಕೊಳ್ಳಬಹುದು, ಅಂಕಿ ಇರಬೇಕಾದ ಜಾಗ ಹೇಗೂ ಖಾಲಿ ಇದೆ. ಅದೂ ಆಗದಿದ್ದರೆ, ತಮ್ಮ ಮಾತನ್ನು ಅವನು ಮೀರುವುದಿಲ್ಲವಾದ್ದರಿಂದ, ಬಲಕ್ಕೆ ತಿರುಗು, ಎಡಕ್ಕೆ ತಿರುಗು ಎಂದು ಹೇಳುವ ತಮ್ಮ ಆ ಮಧುರವಾದ ಹೆಣ್ಣು ಧ್ವನಿಯಲ್ಲಿ ಒಂದು ಸಂಜೆ, "ಇಳಿಯಿರಿ, ಹದಿನಾಲ್ಕು ಹೆಜ್ಜೆ ನಡೆಯಿರಿ, ಒಂಬತ್ತನೇ ಮನೆಯ ಗಂಟೆ ಒತ್ತಿ ಕ್ಷಮೆ ಕೇಳಿರಿ, ತಾವು ಗುರಿ ತಲುಪಿದ್ದೀರಿ" ಎಂದು ಹೇಳಿದರೆ ಸಾಕು. ಜೊತೆಗೆ ಒಂದು ಮಾತನ್ನೂ ಸೇರಿಸಿ: ಕ್ಲೆಮೆನ್ಸ್ ನೋಡಿದ ಕೀಲು ಯಾವ ದೇಶದ್ದಾದರೂ ಇರಲಿ, ನನ್ನ ಅಡುಗೆಮನೆಯ ಕಪಾಟಿನ ಕೀಲು ಓಟ್ಮಾರ್ ಮಾಡಿದ್ದು. ಇಪ್ಪತ್ತು ವರ್ಷದಿಂದ ಒಂದು ಸಲವೂ ಕಿರುಗುಟ್ಟಿಲ್ಲ. ನಾನು ಅದನ್ನು ಅವನಿಗೆ ಯಾವತ್ತೂ ಹೇಳಲಿಲ್ಲ, ಅದು ನನ್ನ ತಪ್ಪು.

ಈ ಪತ್ರವನ್ನು ತಮ್ಮ ಮುಂಗಾಜಿನ ವೈಪರಿನ ಕೆಳಗೆ, ಗಾಜಿಗೆ ಉಗುರು ತಾಗದಂತೆ ಸಿಕ್ಕಿಸಲಾಗುವುದು. ಪ್ರತಿಗಳನ್ನು ಊರಿನ ವಾರಪತ್ರಿಕೆಗೂ, ಬೇಕರಿಯ ಗಾಜಿನ ಬಾಗಿಲಿಗೂ, ಮಾಹಿತಿಗಾಗಿ ಡಾಕ್ಟರ್ ಮೋಸ್‌ಮಾನರ ಕಾರಿಗೂ ಕಳಿಸಲಾಗಿದೆ.

ಸದಾ ತಮ್ಮ ಕೂಗಿನ ಗಡಿ ದಾಟದೆ, ಒಂದು ಮಾರು ದೂರದಲ್ಲೇ ನಿಂತಿರುವ

ತಮ್ಮ ವಿಶ್ವಾಸಿ,
ವಾಲ್ಟ್ರೌಟ್ ಐಸೆಲೆ
(ನಿವೃತ್ತ, ಜನನ ಮರಣ ವಿಭಾಗ)

ತಾ.ಕ.: ಮೇಲಿನದನ್ನು ಸೋಮವಾರ ಬರೆದು ಮಡಿಸಿಟ್ಟಿದ್ದೆ. ಪ್ರತಿಗಳನ್ನು ಕಳಿಸಲಾಗಿದೆ ಎಂದದ್ದು ಕಚೇರಿಯ ಅಭ್ಯಾಸ, ಇನ್ನೂ ಕಳಿಸಿಲ್ಲ, ಇನ್ನು ಕಳಿಸುವುದೂ ಇಲ್ಲ. ಇಂದು ಬುಧವಾರ. ಮಂಡಿ ನೋವಿನಿಂದ ಎರಡು ವಾರ ತೋಪಿನ ಕಡೆಗೆ ಹೋಗಿರಲಿಲ್ಲ, ಎಷ್ಟು ಗೋಣಿಚೀಲ ಬೇಕಾದೀತೆಂದು ನೋಡಲು ಬೆಳಗ್ಗೆ ಹೋದೆ. ಗೇಟಿನ ಬಲಗಡೆಯ ಕಂಬದ ಮೇಲೆ ಹೊಳೆಯುವ ಕಪ್ಪು ಬಣ್ಣದ ಒಂದು ಗೆರೆ ಇತ್ತು. ಟೇಪು ಹಿಡಿದು ನೋಡಿದೆ, ನೆಲದಿಂದ ಅರವತ್ತೆರಡು ಸೆಂಟಿಮೀಟರ್. ಹಿಂತಿರುಗಿ ಬಂದು ತಮ್ಮ ಬಾಗಿಲಿನ ಗೀರಿಗೂ ಟೇಪು ಹಿಡಿದೆ (ತಾವು ಕೂಗಿಕೊಂಡಿರಿ, ಪರವಾಗಿಲ್ಲ), ಅರವತ್ತೆರಡು. ಗೇಟಿನ ಒಳಗೆ ಅಂದು ಒದ್ದೆಯಾಗಿದ್ದ ಮಣ್ಣಿನಲ್ಲಿ ಅಗಲವಾದ ಚಕ್ರದ ಗುರುತು ಒಣಗಿ ನಿಂತಿತ್ತು. ಗೆರ್ಡಾ ನೆಟ್ಟ ಮೊದಲ ಮರದ ಕೆಳಗೆ ಬಿದ್ದ ಹಣ್ಣುಗಳನ್ನು ಯಾರೋ ಆರಿಸಿ ಗೋಪುರದ ಹಾಗೆ ಪೇರಿಸಿದ್ದರು, ತೊಟ್ಟು ಕೆಳಮುಖವಾಗಿ. ತೊಟ್ಟು ಕೆಳಗೆ ಮಾಡಿ ಸೇಬು ಪೇರಿಸುವವನು ಈ ಸೀಮೆಯಲ್ಲಿ ಒಬ್ಬನೇ, ಅದು ಸರಿಯಲ್ಲವೆಂದು ನಾನು ಹನ್ನೊಂದು ವರ್ಷದಿಂದ ಅವನ ಜೊತೆ ಜಗಳವಾಡಿದ್ದೇನೆ. ಬೆಂಚಿನ ಮೇಲೆ ಕೂತು ಸ್ವಲ್ಪ ಹೊತ್ತು ಅತ್ತೆ, ಆಮೇಲೆ ಜೋರಾಗಿ ನಕ್ಕೆ.

ಮಾನ್ಯರೇ, ಸುತ್ತಲೂ ಎಂಟು ಕ್ಯಾಮೆರಾಗಳಿರುವ ತಮಗೆ ಇದೆಲ್ಲ ಗೊತ್ತಿತ್ತು. ಆ ಭಾನುವಾರ ಕ್ಲೆಮೆನ್ಸ್‌ನ ಮಾತು ಕೇಳಿ ಬಂದವನು ಎಲ್ಲಿಗೆ ಹೋದನೆಂದು, ಅಲ್ಲಿ ಯಾರ ಮರದ ಕೆಳಗೆ ಬಗ್ಗಿದನೆಂದು ತಾವು ನೋಡಿದಿರಿ, ನನ್ನ ಪೊರಕೆಯ ಮೇಲೆ ಅಪವಾದ ಬಂದಾಗ ತುಟಿ ಬಿಚ್ಚಲಿಲ್ಲ. ಕಂಬದ ಹತ್ತಿರ ತಾವು ಖಂಡಿತ ಟಿಣಿಟಿಣಿ ಎಂದಿದ್ದೀರಿ, ಅವನು ಮೊದಲ ಬಾರಿಗೆ ತಮ್ಮ ಮಾತು ಕೇಳಲಿಲ್ಲ, ಅದಕ್ಕಾಗಿ ತಮ್ಮನ್ನೂ ಅವನನ್ನೂ ಕ್ಷಮಿಸಿದ್ದೇನೆ. ಗೀರು ಎಲ್ಲಿ ಆಯಿತೆಂದು ಅವನಿಗೆ ತಿಳಿದಿತ್ತೋ ಇಲ್ಲವೋ ನಾನು ಕೇಳುವುದಿಲ್ಲ. ಮಬ್ಬು ಬೆಳಕು, ಒದ್ದೆ ಕಣ್ಣು. ಮರುದಿನ ಫಲಕ ನನ್ನ ಬಾಗಿಲಿನಲ್ಲಿತ್ತು, ಪೊರಕೆ ನನ್ನ ಕೈಯಲ್ಲಿತ್ತು, ಈ ಓಣಿಯಲ್ಲಿ ಯಾರೇ ಆದರೂ ಪೊರಕೆಯನ್ನೇ ಅನುಮಾನಿಸುತ್ತಿದ್ದರು.

ಮಧ್ಯಾಹ್ನ ಗುದ್ದಲಿ ಹಿಡಿದು ಮತ್ತೆ ಹೋಗಿ ಆ ಕಂಬವನ್ನು ಅಗೆದು ಕಿತ್ತುಹಾಕಿದ್ದೇನೆ. ಕರ್ಟ್ ನೆಟ್ಟ ಕಂಬ, ಅವನಿದ್ದಿದ್ದರೆ ತಾನೇ ಕೀಳುತ್ತಿದ್ದ. ಈಗ ದಾರಿ ತಮ್ಮ ಅಗಲಕ್ಕೂ ಮೀರಿ ತೆರೆದಿದೆ. ಶನಿವಾರ ಬೆಳಗ್ಗೆ ಏಳಕ್ಕೆ ತಾವು ದಯಮಾಡಿಸಬೇಕು. ಟ್ರೇಲರ್ ಬೇಡ, ಸೇಬಿನ ಗೋಣಿಗಳು ತಮ್ಮ ಹಿಂದಿನ ಸೀಟಿನಲ್ಲೇ ಕೂರಲಿ, ಬೆಲ್ಟು ನಾನೇ ಬಿಗಿಯುತ್ತೇನೆ. ಬರುವಾಗ ಅವನನ್ನೂ ಕರೆದುಕೊಂಡು ಬನ್ನಿ.